ಆರು ವರ್ಷದ ಗುಡ್ಡ

ನೆಲ್ಲಿಕೋಡಿಯಲ್ಲಿ ಹೊಳೆ ಕಡಲನ್ನು ಸೇರುವ ಅಳಿವೆಯ ಪಕ್ಕಕ್ಕೆ ಒಂದು ಬೋಳುಗುಡ್ಡವಿದೆ. ಮೇಲೆ ಗುಡಿಯಿಲ್ಲ, ಕಂಬವಿಲ್ಲ, ಶಾಸನವಿಲ್ಲ. ಮೊಣಕಾಲೆತ್ತರದ ಒಂದು ಮಣ್ಣಿನ ದಿಬ್ಬ, ಅದರ ಸುತ್ತ ಒಂದು ಸಾಲು ಮುರಕಲ್ಲು ಎಂಬ ಕೆಂಪು ಕಲ್ಲು, ಅಷ್ಟೇ. ಊರಿನವರು ಇದನ್ನು ಆರು ವರ್ಷದ ಗುಡ್ಡ ಎನ್ನುತ್ತಾರೆ. ಯಾಕೆ ಎಂದು ಯಾರಾದರೂ ಕೇಳಿದರೆ, ಕೇಳಿದವರ ಊರು, ಕುಲ, ಬಂದ ಕೆಲಸ ಎಲ್ಲವನ್ನೂ ವಿಚಾರಿಸಿಕೊಂಡ ಮೇಲೆಯೇ ಬಾಯಿ ಬಿಡುತ್ತಾರೆ. ಅನುಮಾನ ಈ ಊರಿನ ನೀರಿನಲ್ಲೇ ಇದೆ ಎಂದರೂ ತಪ್ಪಲ್ಲ.

ಹಿಂದೆ ಒಮ್ಮೆ, ದೂರದೇಶದ ಹಡಗುಗಳು ಮೆಣಸಿಗಾಗಿ ಈ ಅಳಿವೆಗೆ ಬರುತ್ತಿದ್ದ ಕಾಲದಲ್ಲಿ, ಬಂದರಿನ ಕಾವಲು ಸಂಕಪ್ಪ ಗುರಿಕಾರನದಾಗಿತ್ತು. ಅವನು ಕೆಟ್ಟವನಲ್ಲ, ಬೆಂದವನು. ತೆಂಕಣ ಬಂದರಿನಲ್ಲಿ ಸನ್ಯಾಸಿಯ ವೇಷ ಹಾಕಿ ಗುಡ್ಡದ ಮೇಲೆ ಕೂತಿದ್ದ ಒಬ್ಬನು ಹೊಗೆ ಎಬ್ಬಿಸಿ ಕಡಲುಗಳ್ಳರನ್ನು ಕರೆದಿದ್ದ. ಅವರು ಹಚ್ಚಿದ ಬೆಂಕಿಯಲ್ಲಿ ಸಂಕಪ್ಪನ ತಮ್ಮ ಸತ್ತಿದ್ದ. ಅಂದಿನಿಂದ ಗುರಿಕಾರನಿಗೆ ಹಾಲು ಕಂಡರೂ ಸುಣ್ಣದ ನೀರೇ ಇರಬೇಕೆನ್ನಿಸುತ್ತಿತ್ತು. ಇಂಥವನ ಕಾವಲಿನಲ್ಲಿ ಒಂದು ವರ್ಷ ಚೀನದ ಹಡಗೊಂದು ಬಂತು. ಅದರಲ್ಲಿದ್ದ ಮುದುಕ ವ್ಯಾಪಾರಿ ಜ್ವರದಿಂದ ತೀರಿಕೊಂಡಿದ್ದ. ಹಡಗಿನವರು ಬಟ್ಟೆ ಸುತ್ತಿದ ಉದ್ದನೆಯ ಗಂಟೊಂದನ್ನು ಗುಡ್ಡಕ್ಕೆ ಹೊತ್ತೊಯ್ದು ಹೂತರು. ಮುಖವನ್ನು ಊರಿನವರು ಯಾರೂ ಕಾಣಲಿಲ್ಲ. ಹಡಗು ಹೊರಟಿತು, ಮುದುಕನ ಮಗ ಮಾತ್ರ ಉಳಿದ. ಅವನ ಹೆಸರು ವೆನ್. ಜನ ತಮ್ಮ ಬಾಯಿಗೆ ಒಗ್ಗುವಂತೆ ವೆನ್ನಪ್ಪ ಎಂದರು.

ವೆನ್ನಪ್ಪ ದಿಬ್ಬದ ಪಕ್ಕ ಹುಲ್ಲಿನ ಜೋಪಡಿ ಕಟ್ಟಿಕೊಂಡ. ಒರಟು ಬಟ್ಟೆ ಉಟ್ಟ, ಬರಿಯ ಗಂಜಿ ಕುಡಿದ, ಮೀನು ಕೊಟ್ಟರೆ ಕೈಮುಗಿದು ಹಿಂದೆ ಕಳಿಸಿದ. ವಾಲಗದ ಸದ್ದು ಕೇಳಿದರೆ ಜೋಪಡಿಯ ಒಳಗೆ ಸೇರಿಕೊಳ್ಳುತ್ತಿದ್ದ. ಕನ್ಫ್ಯೂಷಿಯಸ್ ಎಂಬ ಪ್ರಾಚೀನ ಗುರುವಿನ ದಾರಿಯಲ್ಲಿ ನಡೆಯುವವರು ತಂದೆಗಾಗಿ ಮೂರು ವರ್ಷ ಶೋಕ ಆಚರಿಸುತ್ತಾರೆ, ಯಾರು ನೋಡಲಿ ಬಿಡಲಿ ಅದನ್ನು ನಡೆಸುತ್ತಾರೆ ಎಂದು ದುಭಾಷಿಯೊಬ್ಬ ವಿವರಿಸಿದ. ಸಂಕಪ್ಪ ನಂಬಲಿಲ್ಲ. ಅಳಿವೆಗೆ ಬಂದು ಹೋಗುವ ಹಡಗುಗಳೆಲ್ಲ ಕಾಣುವುದು ಆ ಗುಡ್ಡದಿಂದ ಮಾತ್ರ. ಶೋಕಕ್ಕೆ ಬೇರೆ ಜಾಗವೇ ಸಿಗಲಿಲ್ಲವೇ?

ಅವನ ಹೆಂಡತಿ ಬೀರಮ್ಮ ಒಂದು ದಿನ ಅಂದೇಬಿಟ್ಟಳು. "ಅಪ್ಪನ್ನ ಕಳ್ಕಂಡವ ಅವ. ಅವ್ನ್ ಪಾಡಿಗ್ ಅವ್ನ್ನ ಬಿಡಿ ಕಾಂಬ."

"ನಮ್ಮಲ್ಲಿ ಹದ್ಮೂರ್ ದಿನಕ್ಕೆ ಎಲ್ಲಾ ಮುಗಿತ್. ಇವ್ನಿಗೆ ಮೂರ್ ವರ್ಷ ಎಂತಕ್ಕೆ?" ಎಂದ ಸಂಕಪ್ಪ. ಅವನ ಲೆಕ್ಕದಲ್ಲಿ ಹದಿಮೂರು ದಿನಕ್ಕಿಂತ ಮೇಲಿನ ದುಃಖವೆಲ್ಲ ವೇಷ.

ಹೀಗೆ ಸಂಕಪ್ಪ ಕಾದ, ಇಣುಕಿದ, ಆಳು ಬಿಟ್ಟು ನೋಡಿಸಿದ. ಸಿಕ್ಕಿದ್ದು ಏನೂ ಇಲ್ಲ. ಏನೂ ಸಿಗದೆ ಹೋದದ್ದೇ ಅವನಿಗೆ ದೊಡ್ಡ ಸಾಕ್ಷಿಯಾಯಿತು. ಮೂರನೆಯ ವರ್ಷ ತುಂಬಲು ಒಂಬತ್ತು ದಿನ ಉಳಿದಿರುವಾಗ ಅದೇ ಚೀನದ ಹಡಗು ವೆನ್ನಪ್ಪನನ್ನು ಕರೆದೊಯ್ಯಲು ಬಂದು ಲಂಗರು ಹಾಕಿತು. ಹೂತಿರುವುದು ಹೆಣವಲ್ಲ, ಕತ್ತಿಗಳೋ ಬಂದರಿನ ನಕ್ಷೆಯೋ ಇರಬೇಕು, ಈಗ ಅದನ್ನು ಹಡಗಿಗೆ ಸಾಗಿಸುತ್ತಾನೆ ಎಂದು ಗುರಿಕಾರನಿಗೆ ಖಾತ್ರಿಯಾಯಿತು. ಮಾರನೆಯ ಬೆಳಿಗ್ಗೆ ವೆನ್ನಪ್ಪ ನೀರಿಗೆಂದು ಕೆಳಗಿಳಿದದ್ದೇ ತಡ, ಗುದ್ದಲಿ ಹಿಡಿದು ಗುಡ್ಡ ಹತ್ತಿ ದಿಬ್ಬವನ್ನು ಅಗೆದ.

ಒಳಗಿದ್ದದ್ದು ಮೂಳೆ, ಕರಗಿದ ಬಟ್ಟೆ, ಒಂದು ಮರದ ಬಾಚಣಿಗೆ. ಸಂಕಪ್ಪ ಇನ್ನೂ ಒಂದು ಮೊಳ ಅಗೆದ. ಆಮೇಲೆ ಬರೀ ಮುರಕಲ್ಲು. ತಲೆಯೆತ್ತಿದರೆ ಕೊಡ ಹಿಡಿದು ವೆನ್ನಪ್ಪ ನಿಂತಿದ್ದ. ಬೈದರೆ ಬೈಸಿಕೊಳ್ಳಲು, ಹೊಡೆದರೆ ತಿರುಗಿ ಹೊಡೆಯಲು ಗುರಿಕಾರ ಸಿದ್ಧನಾಗಿದ್ದ. ವೆನ್ನಪ್ಪ ಕೊಡ ಇಳಿಸಿ, ಮಂಡಿಯೂರಿ, ಎಲುಬುಗಳನ್ನು ಒಂದೊಂದಾಗಿ ಇದ್ದಂತೆಯೇ ಜೋಡಿಸಿ ಕೈಯಿಂದಲೇ ಮಣ್ಣು ಮುಚ್ಚಿದ. ಬಳಿಕ, ಮೂರು ವರ್ಷದಲ್ಲಿ ಕಲಿತ ಕನ್ನಡದಲ್ಲಿ ಹೇಳಿದ. "ತಪ್ಪು ನನ್ನದು ಗುರಿಕಾರರೆ. ಇಷ್ಟು ದಿನ ನಿಮ್ಮ ಕಣ್ಣೆದುರೇ ಬದುಕಿ ನಿಮಗೆ ನಂಬಿಕೆ ಬರಿಸಲಿಲ್ಲ. ಅಪ್ಪ ಇವತ್ತು ಮತ್ತೆ ಮಣ್ಣಿಗೆ ಹೋದರು. ಇವತ್ತಿಂದ ಮೂರು ವರ್ಷ."

ಇದೂ ನಾಟಕವೇ ಎಂದು ಸಂಕಪ್ಪ ಮನೆಗೆ ನಡೆದ. ಆದರೆ ಕೆಲವು ದಿನಕ್ಕೆ ಗಾಳಿ ತಿರುಗಿತು, ಹಡಗು ಕಾಯಲಾರದೆ ಹಾಯಿ ಬಿಚ್ಚಿತು. ವೆನ್ನಪ್ಪ ಹಡಗಿನ ಕಡೆ ಬೆನ್ನು ಹಾಕಿ ದಿಬ್ಬದ ಮುಂದೆ ಕೂತಿದ್ದ. ಅವನ ಹೆಗಲು ನಡುಗುತ್ತಿದ್ದುದನ್ನು ಗುರಿಕಾರ ಮರೆಯಿಂದ ಕಂಡ. ಅಂದು ಅವನಿಗೆ ನಾಚಿಕೆಯಾಯಿತು, ತಮ್ಮ ಸತ್ತ ಮೇಲೆ ಮೊದಲ ಸಲ ಅತ್ತ. ಮರುದಿನದಿಂದ ತಾನೇ ಗಂಜಿ ಹೊತ್ತು ಗುಡ್ಡ ಹತ್ತತೊಡಗಿದ. ಅದರಲ್ಲಿ ವಿಷವಿರಬಹುದೆಂದು ಊರಿನವರು ಗುಸುಗುಸು ಮಾತಾಡಿದರು. ವೆನ್ನಪ್ಪ ಮಾತ್ರ ಒಂದು ದಿನವೂ ಮೂಸಿ ನೋಡದೆ ಕುಡಿದ.

ಆರನೆಯ ವರ್ಷ ಹಡಗು ಮತ್ತೆ ಬಂತು. ಹೊರಡುವಾಗ ವೆನ್ನಪ್ಪ ದಿಬ್ಬದ ಕಾವಲನ್ನು ಸಂಕಪ್ಪನಿಗೇ ಒಪ್ಪಿಸಿದ. ಅಣಕಿಸುತ್ತಿದ್ದಾನೆಯೇ ಎಂದು ಗುರಿಕಾರನ ಹಳೆಯ ಬುದ್ಧಿ ಒಂದು ಗಳಿಗೆ ಹೆಡೆಯೆತ್ತಿತು.

"ಅಗೆದವನಿಗೇ ಕಾವಲು ಕೊಡ್ತ್ಯಾ?" ಎಂದ.

"ಒಳಗೆ ಅಪ್ಪನಲ್ಲದೆ ಬೇರೇನೂ ಇಲ್ಲ ಎಂದು ಕಣ್ಣಾರೆ ಕಂಡವರು ನೀವೊಬ್ಬರೇ," ಎಂದ ವೆನ್ನಪ್ಪ. "ಉಳಿದವರಿಗೆ ಇನ್ನೂ ಅನುಮಾನ ಇದೆ."

ಆ ಮಾತಿನ ಮೇಲೆ ಸಂಕಪ್ಪ ಸಾಯುವತನಕ ಆ ಜೋಪಡಿಯಲ್ಲೇ ಮಲಗಿದ ಎನ್ನುತ್ತಾರೆ. ಜೋಪಡಿ ಈಗಿಲ್ಲ. ದಿಬ್ಬಕ್ಕೆ ಇಂದಿಗೂ ಕಬ್ಬಿಣ ತಾಗಿಸುವುದಿಲ್ಲ. ಮಳೆಗಾಲದಲ್ಲಿ ಕೊಚ್ಚಿಹೋದ ಮಣ್ಣನ್ನು ಗುರಿಕಾರನ ಮನೆತನದವರು ಬೊಗಸೆಯಲ್ಲೇ ತಂದು ತುಂಬುತ್ತಾರೆ. ನೋಡಬಂದವರಲ್ಲಿ ಯಾರಾದರೊಬ್ಬರು ಒಳಗೇನಿದೆ ಎಂದು ಕೇಳಿಯೇ ಕೇಳುತ್ತಾರೆ. ಒಬ್ಬನ ಅಪ್ಪ ಇದ್ದಾನೆ ಎಂದು ಮನೆಯವರು ಹೇಳುತ್ತಾರೆ. ಕೇಳಿದವರು ತಲೆಯಾಡಿಸಿ, ನಾಲ್ಕು ಹೆಜ್ಜೆ ಇಳಿದು, ದಿಬ್ಬದ ಕಡೆ ಇನ್ನೊಮ್ಮೆ ತಿರುಗಿ ನೋಡುತ್ತಾರೆ.