ಬೆಳ್ಳಕ್ಕಿ ಮಾಡಿದ ಮಿಡತೆ ಪಟ್ಟಿ

ಒಂದು ಬೆಳ್ಳಕ್ಕಿ ಹೊಲಕ್ಕೆ ಬಂದು, ಲೋಕದ ಮಿಡತೆಗಳನ್ನೆಲ್ಲ ಕುಲವಾರು, ಊರುವಾರು ಪಟ್ಟಿ ಮಾಡ್ತೀನಿ ಅಂತ ಸಾರಿತು. ತಗೋ, ಏಳು ಊರು ನಡುಗೋ ಹಾಗೆ ಮಿಡತೆಗಳು ಕುಣಿದವು! ಕಲ್ಲುಬಣ್ಣದ ಪುಟ್ಟ ಮಿಡತೆಗಂತೂ ಎಲ್ಲಿಲ್ಲದ ಆಸೆ. ಅವನ ವಂಶದ ಹೆಸರನ್ನ ಇದುವರೆಗೆ ಯಾರೂ ಎಲ್ಲೂ ಬರೆದಿರಲಿಲ್ಲ.

"ನನ್ನನ್ನೂ ಬರ್ಕೊಳ್ಳಿ ಸ್ವಾಮಿ!" ಅಂತ ಕಲ್ಲಿನ ಮೇಲಿಂದಲೇ ಕೂಗಿದ.

"ಮೊದಲು ನಾವು!" ಅಂದ ಉದ್ದಮೀಸೆಯ ಹಸಿರು ಮಿಡತೆ. "ನಮ್ಮ ಮೀಸೆ ಮೈಗಿಂತ ಉದ್ದ, ಕಿವಿ ಮೊಣಕಾಲಲ್ಲಿ!"

"ಮೊಣಕಾಲಲ್ಲಿ ಕೇಳಿಸಿಕೊಳ್ಳೋರ ಜತೆ ನಮ್ಮನ್ನ ಸೇರಿಸಬೇಡಿ," ಅಂದ ಗಿಡ್ಡಮೀಸೆಯವ. "ನಮ್ಮ ಕಿವಿ ಹೊಟ್ಟೆ ಪಕ್ಕದಲ್ಲಿ!"

"ಭೇಷ್! ವಾಸ ಎಲ್ಲಿ?" ಅಂತ ಕೇಳಿತು ಬೆಳ್ಳಕ್ಕಿ.

"ಅವರೆ ಬಳ್ಳಿ, ಮೂರನೇ ಎಲೆ ಅಡಿ!"

"ಬದುವಿನ ಗರಿಕೆ!"

"ನಡೀರಿ, ಖುದ್ದಾಗಿ ನೋಡ್ತೀನಿ," ಅಂತ ಬೆಳ್ಳಕ್ಕಿ ಇಬ್ಬರನ್ನೂ ಕರ್ಕೊಂಡು ಹೋಯ್ತು. ಬರುವಾಗ ಒಂದೇ ಬಂತು. ಕೊಕ್ಕಿನ ತುದಿಯಲ್ಲಿ ಒಂದು ಹಿಂಗಾಲು ಇನ್ನೂ ಒದೀತಿತ್ತು.

"ಆಗಲೇ ಕೂಗಿದ ಮರಿ ಎಲ್ಲಪ್ಪಾ?"

ಪುಟ್ಟ ಮಿಡತೆ ಕಲ್ಲಿಗೆ ಕಲ್ಲಾಗಿ ಅಂಟಿಕೊಂಡ. ಬೆಳ್ಳಕ್ಕಿ ಕತ್ತನ್ನ ಹಾವಿನ ಹಾಗೆ ಸುತ್ತಿಸಿ ಹುಡುಕಿದರೂ ಕಲ್ಲು ಬಿಟ್ಟು ಏನೂ ಕಾಣಲಿಲ್ಲ.

"ಒಂದು ಸಲ ನೆಗೆದು ತೋರಿಸು ಮಾರಾಯ! ನನ್ನ ಪಟ್ಟಿಯಲ್ಲಿ ಇಲ್ಲದವರು ಲೋಕದಲ್ಲೇ ಇಲ್ಲ, ತಿಳ್ಕೋ!"

ವಂಶದ ಹೆಸರು ಅವನ ನಾಲಿಗೆ ತುದಿವರೆಗೂ ಬಂತು. ಅದನ್ನ ನುಂಗಿಕೊಂಡು ಅಂದ:

"ಹಂಗೇ ಬರ್ಕೊಳ್ಳಿ ಸ್ವಾಮಿ. ನಾನು ಇಲ್ಲ."