ಅಲಸಂದೆ ಕಾಳು ಮಣ್ಣಿನಿಂದೆದ್ದು ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿತ್ತು. ಯಾವ ಕಡೆ ಬೀಸಬೇಕೆಂಬುದು ಗಾಳಿಗೇ ಗೊತ್ತಿರಲಿಲ್ಲ, ಸಿಕ್ಕವರನ್ನೆಲ್ಲ ದಾರಿ ಕೇಳುತ್ತಿತ್ತು. ಆಗ ಕಾಳುಗಳೆಲ್ಲ ಮಣ್ಣೊಳಗೇ ಉಳಿದು ಮೊಳಕೆಯನ್ನಷ್ಟೇ ಮೇಲಕ್ಕೆ ಕಳಿಸುತ್ತಿದ್ದವು. ಅಲಸಂದೆಯೂ ಹಾಗೇ ಮಾಡುತ್ತಿತ್ತು.

ಆಗಲೂ ಶಾಲೆ ಇತ್ತೇ ಎಂದು ಕೇಳಬೇಡಿ. ಮಕ್ಕಳಿದ್ದ ಮೇಲೆ ಶಾಲೆ ಇರದೆ ಹೋದೀತೇ? ಬೇವಿನ ಮರದ ಕೆಳಗೆ ಶಾಲೆ, ಅದರ ಹಿಂದೆ ಮಧ್ಯಾಹ್ನದ ಸಾರಿಗೆಂದು ಕಾಯಿಪಲ್ಲೆಯ ತೋಟ. ಪಾಠ ಹೇಳುತ್ತಿದ್ದ ಸಂಗವ್ವ ಅಕ್ಕೋರು ಮಕ್ಕಳಿಗೆ ಒಂದೊಂದು ಮಡಿ ಹಂಚಿಕೊಟ್ಟು, ಮನೆಯಿಂದ ಬೀಜ ತರಲು ಹೇಳಿದರು.

ಹೊನ್ನಿ ತಂದದ್ದು ಒಂದೇ ಒಂದು ಅಲಸಂದೆ ಕಾಳು. ಅವಳ ಅಜ್ಜಿ ತೀರಿಕೊಂಡಾಗ ಸೆರಗಿನ ಗಂಟಿನಲ್ಲಿ ಸಿಕ್ಕಿದ್ದು ಅದು. ಹೊನ್ನಿ ಅದನ್ನು ಮಡಿಯಲ್ಲಿ ಊರಿ ನೀರು ಹನಿಸಿದಳು. ಮರುದಿನ ಬೆಳಿಗ್ಗೆ ಬಂದು ಕೆದಕಿ ನೋಡಿದಳು. ಕಾಳು ಅಲ್ಲೇ ಇತ್ತು. ಮತ್ತೆ ಮುಚ್ಚಿದಳು. ಅದರ ಮರುದಿನವೂ ಕೆದಕಿದಳು, ನೋಡಿದಳು, ಮುಚ್ಚಿದಳು.

ಉಳಿದವರ ಮಡಿಯಲ್ಲಿ ಬಟಾಣಿ ಬಂತು, ಕಡಲೆ ಬಂತು. ಹೊನ್ನಿಯ ಮಡಿ ಮಾತ್ರ ಬೋಳು. ಇದು ತೋಟವಲ್ಲ, ಕೋಳಿ ಕೆದರಿದ ತಿಪ್ಪೆ ಎಂದು ಹುಡುಗರು ಆಡಿಕೊಂಡರು. ಹೀಗೇ ಕೆದಕುತ್ತಿದ್ದರೆ ಕಾಳು ಸತ್ತೇಹೋಗುತ್ತದೆ ಎಂದು ಅಕ್ಕೋರು ಬುದ್ಧಿ ಹೇಳಿದರು. ಹೊನ್ನಿ ನೆಲ ನೋಡುತ್ತ ನಿಂತಳು.

“ಅಜ್ಜೀನೂ ಹಿಂಗ ಮಣ್ಣಾಗ ಇಟ್ರು, ಅಕ್ಕೋರೆ. ಎದ್ದು ಬರ್ತಾಳೇನಂತ ದಿನಾ ಹೋಗಿ ನೋಡಿದೆ. ಬರಲೇ ಇಲ್ಲ.”

ಅಕ್ಕೋರು ಅವಳನ್ನು ಪಕ್ಕಕ್ಕೆ ಎಳೆದುಕೊಂಡು, “ಅಜ್ಜಿ ಬರೂದಿಲ್ಲವ್ವ. ಮೊಳಕಿ ಬರ್ತೈತಿ. ಬಿಟ್ಟು ನೋಡು,” ಎಂದರು.

“ಮೊಳಕಿ ಬ್ಯಾಡ. ಅಜ್ಜಿ ಮುಟ್ಟಿದ ಕಾಳು ಬೇಕು ನಂಗ.”

ಹಾಗೆಂದರೂ ಆಮೇಲೆ ಅವಳು ಕೆದಕಲಿಲ್ಲ. ಕೈಗಳೆರಡನ್ನೂ ಕಂಕುಳಲ್ಲಿ ಬಚ್ಚಿಟ್ಟುಕೊಂಡು ಮಡಿಯ ಪಕ್ಕ ಕೂತಳು. ಬೆರಳುಗಳು ತುಡಿಯುತ್ತಿದ್ದವು. ಅಜ್ಜಿಯನ್ನು ಒಂದು ಸಲ, ಒಂದೇ ಒಂದು ಸಲ ನೋಡಬೇಕು ಎಂದು ಜೀವ ಹಂಬಲಿಸುತ್ತಿತ್ತು.

ಒಳಗಿದ್ದ ಕಾಳು ಇದನ್ನೆಲ್ಲ ಕೇಳಿಸಿಕೊಂಡಿತ್ತು. ಈ ಸಲ ನಾನೇ ಮೇಲೆ ಹೋಗುತ್ತೇನೆ ಎಂದು ಭೂಮಿಗೆ ಹೇಳಿತು. ಹಾಗೆ ಹೋದವರು ಯಾರೂ ಇಲ್ಲ, ನಿನ್ನ ಭಾರಕ್ಕೆ ಮೊಳಕೆಯ ಕತ್ತು ಬಗ್ಗೀತು, ಹೋದರೂ ಬಿಸಿಲಲ್ಲಿ ನೀನು ಬಹಳ ದಿನ ಬಾಳುವುದಿಲ್ಲ ಎಂದು ಭೂಮಿ ತಡೆಯಿತು.

“ಬಗ್ಗಿದರೆ ಬಗ್ಗಲಿ,” ಎಂದಿತು ಕಾಳು. “ಹುಡುಗಿಗೆ ಮುಖ ತೋರಿಸಬೇಕು.”

ಮಣ್ಣು ಬಿರಿಯಿತು. ಮೊದಲು ಕಂಡದ್ದು ಬಗ್ಗಿದ ಕತ್ತು. ಅದು ನಿಧಾನವಾಗಿ ನೆಟ್ಟಗಾದಾಗ ತಲೆಯ ಮೇಲೆ ಕಾಳು ಇತ್ತು, ಅಜ್ಜಿಯ ಅದೇ ಕಾಳು. ಹೊನ್ನಿ ಮುಟ್ಟಲಿಲ್ಲ. ಕಣ್ಣು ತುಂಬ ನೋಡಿದಳು. ಕಾಳು ಎರಡು ಹೋಳಾಯಿತು, ನಡುವಿನಿಂದ ಹಸಿರು ಎಲೆ ಬಂತು. ಎಲೆ ದೊಡ್ಡದಾದಂತೆ ಕಾಳು ಸುಕ್ಕುಗಟ್ಟಿತು, ಒಂದು ದಿನ ಕಳಚಿ ಬಿತ್ತು. ಹೊನ್ನಿ ಅತ್ತಳು. ಅತ್ತು, ಎದ್ದು, ಬಳ್ಳಿಗೆ ನೀರು ಹಾಕಿದಳು.

ಅದಕ್ಕೇ ಮಕ್ಕಳೇ, ನಿಮ್ಮ ಶಾಲೆಯ ಮಡಿಯಲ್ಲಿ ಇವತ್ತು ಊರಿದ ಅಲಸಂದೆಯೂ ಕತ್ತು ಬಗ್ಗಿಸಿಕೊಂಡು, ಕಾಳನ್ನು ತಲೆಯ ಮೇಲೆ ಹೊತ್ತೇ ಬರುತ್ತದೆ. ಆ ಕಾಳು ನಾಲ್ಕು ದಿನ ನಿಮ್ಮ ಮುಖ ನೋಡಿಕೊಂಡಿದ್ದು ಉದುರಿಹೋಗುತ್ತದೆ.