ಶಂಖಾವತಿಯ ಹೊಳೆದೀಪ

ದೀಪದ ಬತ್ತಿ ಸ್ವಲ್ಪ ಮುಂದಕ್ಕೆ ಸರಿಸಿ, ಮಕ್ಕಳನ್ನು ಮಡಿಲಿಗೆಳೆದುಕೊಂಡು, ಮನಸ್ಸಿಟ್ಟು ಕೇಳಿ ತಾಯಂದಿರಾ.

ತುಂಗೆಯ ದಡದಲ್ಲಿ ಶಂಖಾವತಿ ಎಂಬ ಪುರಾತನ ಪಟ್ಟಣವಿತ್ತು. ಗುಡಿಯ ಗೋಪುರ, ಬಸದಿಯ ಮಾನಸ್ತಂಭ, ದರ್ಗಾದ ಬಿಳಿ ಗುಮ್ಮಟ, ಮೂರೂ ಒಂದೇ ಹೊಳೆಯಲ್ಲಿ ನೆರಳು ಬಿಟ್ಟುಕೊಂಡು ನಿಂತಿದ್ದವು. ಅಲ್ಲಿಗೆ ಮೂರು ದಿನದ ದಾರಿಯ ಊರೊಂದರಲ್ಲಿ ಬೊಮ್ಮಿಶೆಟ್ಟಿ ಎಂಬ ಮುತ್ತಿನ ವ್ಯಾಪಾರಿ, ಅವನ ಹೆಂಡತಿ ಮಾಳಾಂಬೆ. ಮುತ್ತನ್ನು ಕಣ್ಣಲ್ಲೇ ತೂಗುವಂಥ ಶೆಟ್ಟಿಗೆ ಒಂದು ವರ್ಷ ಕಣ್ಣು ಮಂಜಾಗಿ, ಎದುರಿಗೆ ನಿಂತವರೇ ಕಾಣದಂತಾಗಲು, ಮಾಳಾಂಬೆ ತುಂಗೆಗೆ ಕೈಮುಗಿದು, ಇವರ ಕಣ್ಣು ಮರಳಿದರೆ ಶಂಖಾವತಿಗೆ ಕರೆತಂದು ಹೊಳೆದೀಪದ ವ್ರತ ಮಾಡುತ್ತೇನೆಂದು ಹರಕೆ ಹೊತ್ತಳು. ತಿಂಗಳು ತುಂಬುವುದರೊಳಗೆ ಕಣ್ಣು ತಿಳಿಯಾಯಿತು.

ಆ ವ್ರತದ ಕಟ್ಟಳೆ ಏನೆಂದರೆ, ಮನೆಯಿಂದ ಏನನ್ನೂ ತರಬಾರದು. ನೇಕಾರರ ಕೇರಿಯಲ್ಲಿ ಬತ್ತಿಗೆ ನೂಲು, ಗಾಣಿಗರಲ್ಲಿ ಎಣ್ಣೆ, ಬಸದಿಯ ಬಾಗಿಲಲ್ಲಿ ಎಲೆದೊನ್ನೆ, ದರ್ಗಾದಲ್ಲಿ ಧೂಪಕ್ಕೆ ಚಿಟಿಕೆ ಲೋಬಾನ, ಕೊನೆಗೆ ಅಂಬಿಗರ ಒಲೆಯ ಬೆಂಕಿ, ಹೀಗೆ ಸೆರಗೊಡ್ಡಿ ಬೇಡಿದ ದೀಪವನ್ನೇ ಹೊಳೆಗೆ ಬಿಡಬೇಕು. ಮಾಳಾಂಬೆಗೆ ಇದು ಸೇರಲಿಲ್ಲ. ಹತ್ತು ಜನಕ್ಕೆ ನೀಡುವ ಕೈಯನ್ನು ಕಂಡವರ ಬಾಗಿಲಲ್ಲಿ ಒಡ್ಡುವುದೇ ಎಂದುಕೊಂಡು, ಬೆಳ್ಳಿಯ ಹಣತೆ, ಮನೆಯ ತುಪ್ಪ ಕಟ್ಟಿಕೊಂಡು ಗಂಡನೊಡನೆ ಹೋಗಿ, ಪಟ್ಟಣವನ್ನು ಕಣ್ಣೆತ್ತಿಯೂ ನೋಡದೆ, ನೇರ ಮೆಟ್ಟಿಲಿಳಿದು ಬಾಳೆದಿಂಡಿನ ಮೇಲೆ ದೀಪ ತೇಲಿಬಿಟ್ಟಳು. ದೀಪ ಗಿರ್ರನೆ ತಿರುಗಿ, ಅವಳ ಕಾಲಿಗೇ ಬಂದು ಬಡಿದು ಮುಳುಗಿತು. ನೆತ್ತಿಯ ಮೇಲೆ ಸೂರ್ಯನಿರುವಾಗಲೇ ಶೆಟ್ಟಿ, "ಮಾಳಾ, ಇಷ್ಟು ಬೇಗ ಕತ್ತಲಾಯಿತೇ?" ಎಂದ.

ಮಾಳಾಂಬೆ ಮೆಟ್ಟಿಲ ಮೇಲೆ ಕುಸಿದು ಅತ್ತಳು. ಬಲೆ ಒಣಹಾಕುತ್ತಿದ್ದ ಅಂಬಿಗರ ಮುದುಕಿ ಹುಲಿಗೆವ್ವ ನೋಡಿ, "ಪಟ್ಟಣ ನೋಡಾಕ ಬಂದಿಯೋ, ನಿನ್ನ ಬೆಳ್ಳಿ ತೋರಸಾಕ ಬಂದಿಯೋ ತಂಗೀ? ಏಳು. ಹೊತ್ತು ಇನ್ನೂ ಐತಿ" ಎಂದಳು.

ಮಾಳಾಂಬೆ ಎದ್ದು, ಗಂಡನ ಕೈ ಹಿಡಿದು ಕೇರಿಗೆ ಹೊರಟಳು. ಕಾಣದ ಗಂಡನಿಗೆ ಇದು ಮಗ್ಗದ ಬೀದಿ, ಇದು ಕಲ್ಲಿನ ಕಮಾನು ಎಂದು ಹೇಳುತ್ತ ಹೇಳುತ್ತ, ತಾನೂ ಆ ಊರನ್ನು ಆಗ ಮೊದಲ ಸಲ ಕಣ್ತುಂಬ ನೋಡಿದಳು. ನೂಲು ಸಿಕ್ಕಿತು, ಎಣ್ಣೆ ಸಿಕ್ಕಿತು. ಬಸದಿಯ ಬಳಿಯ ಅಮ್ಮ ಬಟ್ಟೆಯಲ್ಲಿ ಸೋಸಿದ ನೀರು ಕೊಟ್ಟು, ಹೊತ್ತು ಮುಳುಗುವ ಮುನ್ನ ಉಣ್ಣಿರೆಂದು ಇಬ್ಬರಿಗೂ ಬಡಿಸಿದ ಮೇಲೆಯೇ ದೊನ್ನೆ ಕೊಟ್ಟಳು. ದರ್ಗಾದ ಮುದುಕಪ್ಪ ಲೋಬಾನ ಹಾಕಿ, ಶೆಟ್ಟಿಯ ಹೆಸರು ಕೇಳಿ, ಆ ಹೆಸರು ಹೇಳಿ ದುವಾ ಮಾಡಿದ.

ಉಳಿದದ್ದು ಬೆಂಕಿ. ಹುಲಿಗೆವ್ವನ ಒಲೆಯ ಮೇಲೆ ಮೀನಿನ ಸಾರು ಕೊತಕೊತ ಕುದಿಯುತ್ತಿತ್ತು. ಹುಟ್ಟಿದಂದಿನಿಂದ ಆ ವಾಸನೆಗೆ ಮೂಗು ಮುಚ್ಚಿದ್ದ ಮಾಳಾಂಬೆ ಹೊಸ್ತಿಲಲ್ಲೇ ನಿಂತಳು. ಹುಲಿಗೆವ್ವ ನಕ್ಕು, "ಮೀನು ತಿನ್ನಂತ ಯಾರಂದ್ರು? ಬೆಂಕಿ ತಗೋ" ಎಂದಳು. ಮಾಳಾಂಬೆ ಗಂಡನ ಮುಖ ನೋಡಿದಳು. ಅವನು ಗೋಡೆಯ ಕಡೆ ತಿರುಗಿ, ಅವಳೆಂದುಕೊಂಡು ಗೋಡೆಗೇ ನಗುತ್ತಿದ್ದ. ಆಮೇಲೆ ಅವಳು ತಡೆಯಲಿಲ್ಲ. ಒಳಹೊಕ್ಕು, ಒಲೆಯ ಮುಂದೆ ಮೊಣಕಾಲೂರಿ, ಸೆರಗು ಒಡ್ಡಿ, "ಅಕ್ಕಾ, ಬೆಂಕಿ ನೀಡು" ಎಂದು ಬಾಯಿಬಿಟ್ಟು ಬೇಡಿ, ಆ ಒಲೆಯ ಉರಿಯಲ್ಲೇ ಬತ್ತಿ ಹೊತ್ತಿಸಿಕೊಂಡಳು.

ಗೋಧೂಳಿಯಲ್ಲಿ ದೊನ್ನೆ ನೀರಿಗಿಳಿದು, ನಡುಹೊಳೆ ಸೇರಿ, ಅಲ್ಲಾಡದೆ ಸಾಗಿತು. ಶೆಟ್ಟಿ ಅದರ ಹಿಂದೆಯೇ ಕತ್ತು ತಿರುಗಿಸುತ್ತ, "ಯಾರ ಮನೆ ಬೆಂಕಿ ಅದು? ಎಷ್ಟು ಚೆಂದ ಉರಿಯುತ್ತಿದೆ!" ಎಂದ. ಮಾಳಾಂಬೆ, "ನಮ್ಮ ಅಕ್ಕನ ಮನೆಯದು" ಎಂದಳು.

ಹೀಗೆ ತುಂಗೆ ಅವರಿಗೆ ಒಲಿದಂತೆ, ಈ ಕತೆ ಹೇಳಿದವರಿಗೂ ಕೇಳಿದವರಿಗೂ, ನಡುನಡುವೆ ಹೂಂಗುಟ್ಟಿದವರಿಗೂ ಒಲಿಯಲಿ. ಕಣ್ಣಿನ ಬೆಳಕು ಕುಂದದಿರಲಿ, ಹೋದ ಊರಲ್ಲೆಲ್ಲ ಒಂದು ಬಾಗಿಲು ತೆರೆಯಲಿ.